ನಾಲೆ, ತೂಬು, ಗದ್ದೆ ಕಂಪ್ಯೂಟರ್ ನಕ್ಷೆಗೆ: ಜಿಐಎಸ್ ಕಲಿಯುವವರಿಗೆ ಹಂತ ಹಂತದ ಸಮಗ್ರ ಮಾರ್ಗದರ್ಶಿ

ಮೊಬೈಲ್ ಹಿಡಿದು ಗದ್ದೆ ಸುತ್ತಿ ಪಾಯಿಂಟ್ ಹಾಕಿಕೊಂಡು ಬರುತ್ತೀರಿ. ಕಂಪ್ಯೂಟರ್‌ಗೆ ಹಾಕಿದರೆ ಮಂಡ್ಯದ ಗದ್ದೆ ಸಮುದ್ರದ ಮಧ್ಯೆ ತೇಲುತ್ತಿರುತ್ತದೆ. ಇಲ್ಲವೇ ಜಾಗ ಸರಿಯಾಗಿ ಬಂದಿರುತ್ತದೆ, ವಿಸ್ತೀರ್ಣ ಮಾತ್ರ ಪಹಣಿಗೆ ತಾಳೆಯಾಗುವುದಿಲ್ಲ. ಅದೂ ಸರಿಯಿದ್ದರೆ ಊರಿನ ಹೆಸರೆಲ್ಲ ಬರೀ ಪ್ರಶ್ನಾರ್ಥಕ ಚಿಹ್ನೆ. ಓದುಗರಿಂದ ಮತ್ತೆ ಮತ್ತೆ ಬರುವ ದೂರುಗಳು ಇವೇ ಮೂರು. ಮೂರರಲ್ಲೂ ತಪ್ಪು ಆಗಿರುವುದು ಗೆರೆ ಎಳೆಯುವಾಗ ಅಲ್ಲ, ಹೆಚ್ಚಾಗಿ ಅದಕ್ಕೂ ಮೊದಲೇ. ಅದಕ್ಕೇ ಈ ಮಾರ್ಗದರ್ಶಿಯಲ್ಲಿ ಎಳೆಯುವ ಕೆಲಸ ಆರನೇ ಹಂತದಲ್ಲಿ ಬರುತ್ತದೆ. ಅವಸರ ಬೇಡ, ಮಧ್ಯದ ಹಂತ ಹಾರಿಸಲೂ ಬೇಡಿ.

ಜಿಐಎಸ್ ಅಂದರೆ ಜಾಗ ಮತ್ತು ಆ ಜಾಗದ ವಿವರ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವ ವ್ಯವಸ್ಥೆ. ನಕ್ಷೆಯಲ್ಲಿ ತೂಬಿನ ಮೇಲೆ ಒತ್ತಿದರೆ ಅದು ಯಾವ ಉಪನಾಲೆಯದು, ಬಾಗಿಲು ಸರಿಯಿದೆಯಾ, ಎಷ್ಟು ಗದ್ದೆಗೆ ನೀರು ಕೊಡುತ್ತದೆ ಅನ್ನುವುದು ಬರಬೇಕು. ಉದಾಹರಣೆಗೆ ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನ ಒಂದು ಊರನ್ನು ಇಟ್ಟುಕೊಳ್ಳೋಣ. ಮೈಸೂರಿನ ಬಡಾವಣೆಗೂ ಕ್ರಮ ಇದೇ. ತೂಬಿನ ಬದಲು ಬೀದಿದೀಪ ಅಂದುಕೊಳ್ಳಿ, ಅಷ್ಟೇ.

## ಬೇಕಾಗುವ ಸಾಮಾನು

ಕ್ಯೂಜಿಐಎಸ್ ಅನ್ನುವ ಉಚಿತ ತಂತ್ರಾಂಶ ಸಾಕು. ಅದರ ಜಾಲತಾಣದಲ್ಲಿ ಎರಡು ಆವೃತ್ತಿ ಇರುತ್ತವೆ. ಎಲ್‌ಟಿಆರ್ ಅಂತ ಬರೆದಿರುವುದನ್ನೇ, ಅಂದರೆ ಹೆಚ್ಚು ಕಾಲ ನಡೆಯುವ ಸ್ಥಿರ ಆವೃತ್ತಿಯನ್ನೇ, ಇಳಿಸಿಕೊಳ್ಳಿ. ಹೊಸದರಲ್ಲಿ ಸೌಲಭ್ಯ ಜಾಸ್ತಿ, ಕಲಿಯುವವರಿಗೆ ತಲೆನೋವೂ ಜಾಸ್ತಿ. ಫೋನಿಗೆ ಕ್ಯೂಫೀಲ್ಡ್ ಆ್ಯಪ್ ಹಾಕಿಕೊಳ್ಳಿ. ಕಂಪ್ಯೂಟರ್‌ನಲ್ಲಿ ಮಾಡಿದ ಪ್ರಾಜೆಕ್ಟ್ ಅದರಲ್ಲಿ ಹಾಗೇ ತೆರೆಯುತ್ತದೆ.

ಊರಿನ ಗ್ರಾಮ ನಕ್ಷೆ, ಬೇಕಾದ ಸರ್ವೆ ನಂಬರ್‌ಗಳ ಪಹಣಿ, ಪವರ್ ಬ್ಯಾಂಕ್, ಒಂದು ನೋಟ್ ಪುಸ್ತಕ ಜೊತೆಗಿರಲಿ. ನೋಟ್ ಪುಸ್ತಕ ಯಾಕೆ ಅಂತ ನಗಬೇಡಿ. ಬಿಸಿಲಿನಲ್ಲಿ ಫೋನ್ ಪರದೆ ಕಾಣದೇ ಇದ್ದಾಗ ಕೈಹಿಡಿಯುವುದು ಅದೊಂದೇ.

## ಹಂತ 1: ನಕ್ಷೆ ಯಾವ ಪ್ರಶ್ನೆಗೆ ಉತ್ತರ ಕೊಡಬೇಕು?

"ನಮ್ಮೂರಿನ ನಕ್ಷೆ ಮಾಡಬೇಕು" ಅಂತ ಶುರು ಮಾಡಿದವರ ಕೆಲಸ ಮುಗಿಯುವುದೇ ಇಲ್ಲ. "ಕಟ್ಟು ನೀರು (ಸರದಿ ಪ್ರಕಾರ ಬಿಡುವ ನೀರು) ಬಿಟ್ಟಾಗ ಕೊನೇ ಭಾಗದ ಯಾವ ಗದ್ದೆಗಳಿಗೆ ನೀರು ಮುಟ್ಟುವುದಿಲ್ಲ?" ಅಂತ ಕೇಳಿಕೊಳ್ಳಿ. ಏನು ಬೇಕು, ಏನು ಬೇಡ ಅನ್ನುವುದು ತಾನಾಗಿ ಗೊತ್ತಾಗುತ್ತದೆ. ತೂಬು ಬೇಕು, ಅದು ಚುಕ್ಕಿ. ನಾಲೆ ಮತ್ತು ಹೊಲಗಾಲುವೆ ಬೇಕು, ಅವು ಗೆರೆ. ಗದ್ದೆ ಬೇಕು, ಅದು ಪಾಲಿಗನ್, ಅಂದರೆ ಸುತ್ತು ಮುಚ್ಚಿದ ಆಕಾರ. ದೇವಸ್ಥಾನ, ಅಂಗಡಿ, ಆಲೆಮನೆ ಸದ್ಯಕ್ಕೆ ಬೇಡ.

ಒಂದು ಲೇಯರ್‌ನಲ್ಲಿ (ನಕ್ಷೆಯ ಒಂದು ಪದರದಲ್ಲಿ) ಒಂದೇ ಜಾತಿಯ ಆಕಾರ ಕೂರುತ್ತದೆ. ಹಾಗಾಗಿ ನಮಗೆ ಮೂರು ಲೇಯರ್.

## ಹಂತ 2: ಫೋಲ್ಡರ್ ಮತ್ತು ಫೈಲ್

ಒಂದು ಫೋಲ್ಡರ್ ಮಾಡಿ, ಎಲ್ಲವನ್ನೂ ಅದರೊಳಗೇ ಇಡಿ. ಕ್ಯೂಜಿಐಎಸ್‌ನ ಪ್ರಾಜೆಕ್ಟ್ ಫೈಲ್‌ನಲ್ಲಿ ನಿಮ್ಮ ದತ್ತಾಂಶ ಇರುವುದಿಲ್ಲ. ಯಾವ ಫೈಲ್ ಎಲ್ಲಿದೆ ಅನ್ನುವ ವಿಳಾಸ ಮಾತ್ರ ಇರುತ್ತದೆ. ಡೌನ್‌ಲೋಡ್ಸ್‌ನಲ್ಲಿ ಒಂದು, ಡೆಸ್ಕ್‌ಟಾಪ್‌ನಲ್ಲಿ ಒಂದು, ಪೆನ್ ಡ್ರೈವ್‌ನಲ್ಲಿ ಇನ್ನೊಂದು ಇಟ್ಟಿದ್ದರೆ ಪೆನ್ ಡ್ರೈವ್ ಕಿತ್ತ ದಿನ ನಕ್ಷೆ ಖಾಲಿ.

ಹೊಸ ಲೇಯರ್ ಮಾಡುವಾಗ ಫೈಲ್‌ನ ಬಗೆಯಲ್ಲಿ ಶೇಪ್‌ಫೈಲ್ ಬೇಡ, ಜಿಯೊಪ್ಯಾಕೇಜ್ ಆರಿಸಿ. ಶೇಪ್‌ಫೈಲ್ ಅನ್ನುವುದು ಒಂದು ಫೈಲ್ ಅಲ್ಲ, ಒಂದೇ ಹೆಸರಿನ ನಾಲ್ಕೈದು ಫೈಲ್‌ಗಳ ಗುಂಪು. ಅದರಲ್ಲಿ ಎಸ್‌ಎಚ್‌ಪಿ ಒಂದನ್ನೇ ವಾಟ್ಸಾಪ್‌ನಲ್ಲಿ ಕಳಿಸಿ "ತೆರೆಯುತ್ತಿಲ್ಲ ಸಾರ್" ಅನ್ನುವವರು ತುಂಬಾ ಜನ. ಇನ್ನೊಂದು ತೊಡಕು ಕನ್ನಡದವರಿಗೇ ಮೀಸಲು. ಶೇಪ್‌ಫೈಲ್‌ನಲ್ಲಿ ಕಾಲಂ ಹೆಸರಿಗೆ 10 ಬೈಟ್ ಮಾತ್ರ ಜಾಗ. ಯೂನಿಕೋಡ್‌ನಲ್ಲಿ ಕನ್ನಡದ ಒಂದೊಂದು ಅಕ್ಷರ, ಒಂದೊಂದು ಗುಣಿತ ಚಿಹ್ನೆ ತಲಾ 3 ಬೈಟ್ ತಿನ್ನುತ್ತದೆ. ಅಲ್ಲಿಗೆ "ತೂಬು" ಅಂತ ಬರೆಯಲೂ ಜಾಗವಿಲ್ಲ. ಜಿಯೊಪ್ಯಾಕೇಜ್‌ಗೆ ಈ ರಗಳೆ ಇಲ್ಲ, ಮೂರೂ ಲೇಯರ್ ಒಂದೇ ಫೈಲ್‌ನಲ್ಲಿ ಕೂರುತ್ತವೆ.

ಅಪಾಯದ ಗುರುತು: ಲೇಯರ್ ಹೆಸರಿನ ಪಕ್ಕ ಪುಟ್ಟ ಚಿಪ್ ಚಿತ್ರ ಕಂಡರೆ ಅದು ತಾತ್ಕಾಲಿಕ ಲೇಯರ್. ಕಂಪ್ಯೂಟರ್‌ನ ಮೆಮೊರಿಯಲ್ಲಿ ಮಾತ್ರ ಇದೆ. ಪ್ರಾಜೆಕ್ಟ್ ಸೇವ್ ಮಾಡಿದರೂ ಅದು ಉಳಿಯುವುದಿಲ್ಲ. ಆ ಚಿತ್ರದ ಮೇಲೆ ಕ್ಲಿಕ್ ಮಾಡಿ, ತಕ್ಷಣ ಜಿಯೊಪ್ಯಾಕೇಜ್‌ಗೆ ಉಳಿಸಿ.

## ಹಂತ 3: ಸಿಆರ್‌ಎಸ್ (ಎಲ್ಲರೂ ಎಡವುವ ಜಾಗ)

ಈ ಹಂತವನ್ನು ಎರಡು ಸಲ ಓದಿ. ಇದೊಂದು ಗೊತ್ತಾದರೆ ಅರ್ಧ ಜಿಐಎಸ್ ಬಂದ ಹಾಗೇ.

ಸಿಆರ್‌ಎಸ್ ಅಂದರೆ ನಿಮ್ಮ ಅಂಕಿಗಳನ್ನು ಭೂಮಿಯ ಮೇಲೆ ಹೇಗೆ ಕೂರಿಸಬೇಕು ಅನ್ನುವ ಲೆಕ್ಕ. ನಮಗೆ ಬೇಕಾಗಿರುವುದು ಎರಡೇ. ಫೋನ್ ಜಿಪಿಎಸ್ ಕೊಡುವುದು ಅಕ್ಷಾಂಶ, ರೇಖಾಂಶ. ಅದರ ಹೆಸರು ಡಬ್ಲ್ಯೂಜಿಎಸ್ 84, ಸಂಖ್ಯೆ ಇಪಿಎಸ್‌ಜಿ 4326. ಅಳತೆ ಡಿಗ್ರಿಯಲ್ಲಿ. ಇನ್ನೊಂದು ಯುಟಿಎಂ ವಲಯ 43 ಉತ್ತರ, ಸಂಖ್ಯೆ ಇಪಿಎಸ್‌ಜಿ 32643. ಅಳತೆ ಮೀಟರ್‌ನಲ್ಲಿ. ರೇಖಾಂಶ 72ರಿಂದ 78 ಡಿಗ್ರಿವರೆಗಿನ ಜಾಗ ಈ ವಲಯಕ್ಕೆ ಸೇರುತ್ತದೆ. ಮೈಸೂರು, ಮಂಡ್ಯ ಎರಡೂ ಜಿಲ್ಲೆ ಪೂರ್ತಿ ಇದರೊಳಗಿವೆ. ಕೋಲಾರದ ನೆಂಟರಿಗೆ ಇದೇ ಸಂಖ್ಯೆ ಹೇಳಿಕೊಡಬೇಡಿ, ಆ ಊರು 78 ಡಿಗ್ರಿ ದಾಟಿ 44ನೇ ವಲಯದಲ್ಲಿದೆ.

ಅಂಕಿ ನೋಡಿದ ಕೂಡಲೇ ಯಾವುದು ಅಂತ ಗುರುತಿಸಬಹುದು. ಮಂಡ್ಯ ಪಟ್ಟಣ ಡಿಗ್ರಿಯಲ್ಲಿ ಸುಮಾರು 12.52 ಉತ್ತರ, 76.90 ಪೂರ್ವ. ಅದೇ ಜಾಗ ಯುಟಿಎಂನಲ್ಲಿ ಪೂರ್ವಕ್ಕೆ ಸುಮಾರು 7 ಲಕ್ಷ, ಉತ್ತರಕ್ಕೆ ಸುಮಾರು 13 ಲಕ್ಷ 85 ಸಾವಿರ ಮೀಟರ್. ಎರಡಂಕಿ ಕಂಡರೆ ಡಿಗ್ರಿ, ಲಕ್ಷ ಕಂಡರೆ ಮೀಟರ್.

ಈಗ ಮುಖ್ಯ ವಿಷಯ. ಕ್ಯೂಜಿಐಎಸ್‌ನಲ್ಲಿ "ಸೆಟ್ ಲೇಯರ್ ಸಿಆರ್‌ಎಸ್" ಬೇರೆ, "ರಿಪ್ರಾಜೆಕ್ಟ್ ಲೇಯರ್" ಬೇರೆ. ಮೊದಲನೆಯದು ಹೆಸರು ಮಾತ್ರ ಬದಲಾಯಿಸುತ್ತದೆ, ಅಂಕಿ ಹಾಗೇ ಇರುತ್ತದೆ. ಉಪ್ಪಿನ ಡಬ್ಬಿಗೆ ಸಕ್ಕರೆ ಅಂತ ಚೀಟಿ ಅಂಟಿಸಿದ ಹಾಗೆ. ಎರಡನೆಯದು ಅಂಕಿಗಳನ್ನು ನಿಜವಾಗಿಯೂ ಲೆಕ್ಕ ಹಾಕಿ ಬದಲಾಯಿಸಿ ಹೊಸ ಲೇಯರ್ ಕೊಡುತ್ತದೆ. ಡಿಗ್ರಿಯಿಂದ ಮೀಟರ್‌ಗೆ ಹೋಗಬೇಕು ಅಂದರೆ ಯಾವಾಗಲೂ ರಿಪ್ರಾಜೆಕ್ಟ್. ಫೈಲ್ ಜೊತೆ ಸಿಆರ್‌ಎಸ್ ಮಾಹಿತಿ ಬರದೇ ಇದ್ದಾಗ ಅಥವಾ ತಪ್ಪಾಗಿ ಬಂದಾಗ ಮಾತ್ರ ಸೆಟ್.

ತಪ್ಪು ಎಲ್ಲಾಗಿದೆ ಅಂತ ಚುಕ್ಕಿ ಬಿದ್ದ ಜಾಗವೇ ಹೇಳುತ್ತದೆ. ಹಿನ್ನೆಲೆಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಹಾಕಿಕೊಂಡು, ಲೇಯರ್ ಮೇಲೆ ಬಲ ಕ್ಲಿಕ್ ಮಾಡಿ "ಝೂಮ್ ಟು ಲೇಯರ್" ಒತ್ತಿ.

- ಉತ್ತರ ಧ್ರುವದ ಕಡೆ, ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳ ಪಕ್ಕದ ಸಮುದ್ರದಲ್ಲಿ ಬಿದ್ದಿದೆಯಾ? ಅಕ್ಷಾಂಶ, ರೇಖಾಂಶ ಅದಲುಬದಲಾಗಿವೆ. ಎಕ್ಸ್ ಅಂದರೆ ರೇಖಾಂಶ, ವೈ ಅಂದರೆ ಅಕ್ಷಾಂಶ. ಮಾತಿನಲ್ಲಿ ಅಕ್ಷಾಂಶ ಮೊದಲು ಬರುತ್ತದೆ, ಅದಕ್ಕೇ ಕೈ ತಪ್ಪುತ್ತದೆ.
- ಮಾಲ್ಡೀವ್ಸ್‌ನ ಪಶ್ಚಿಮಕ್ಕೆ, ಸಮಭಾಜಕ ವೃತ್ತದ ಮೇಲೆ ಎಲ್ಲ ಚುಕ್ಕಿಯೂ ಒಂದೇ ಕಡೆ ಮುದ್ದೆಯಾಗಿದೆಯಾ? ಡಿಗ್ರಿ ಅಂಕಿಗೆ 32643 ಅಂತ ಚೀಟಿ ಅಂಟಿಸಿದ್ದೀರಿ.
- ಆಫ್ರಿಕಾದ ಪಶ್ಚಿಮ ಕರಾವಳಿಯ ಹತ್ತಿರ ಸಮುದ್ರದಲ್ಲಿ ಒಂದೇ ಚುಕ್ಕಿ ಇದೆಯಾ? ಆ ಸಾಲಿನಲ್ಲಿ ಅಂಕಿ ಸೊನ್ನೆ.
- ಊರಿನಿಂದ ಹತ್ತಿಪ್ಪತ್ತು ಕಿಲೋಮೀಟರ್ ಆಚೆ ಬಿದ್ದಿದೆಯಾ? ಡಿಗ್ರಿ, ನಿಮಿಷ, ಸೆಕೆಂಡನ್ನು ದಶಮಾಂಶ ಅಂದುಕೊಂಡಿದ್ದೀರಿ. 12 ಡಿಗ್ರಿ 31 ನಿಮಿಷ 20 ಸೆಕೆಂಡ್ ಅಂದರೆ 12.5222. ಅದನ್ನು 12.3120 ಅಂತ ಬರೆದರೆ ಸುಮಾರು 23 ಕಿಲೋಮೀಟರ್ ದಕ್ಷಿಣಕ್ಕೆ ಹೋಗಿಬಿಡುತ್ತದೆ.

ಪ್ರಾಜೆಕ್ಟ್‌ನ ಸಿಆರ್‌ಎಸ್ ಮತ್ತು ಹೊಸದಾಗಿ ಮಾಡುವ ಮೂರೂ ಲೇಯರ್‌ಗಳ ಸಿಆರ್‌ಎಸ್ 32643 ಇರಲಿ. ಓಪನ್‌ಸ್ಟ್ರೀಟ್‌ಮ್ಯಾಪ್ ಹಾಕಿದ ಮೇಲೆ ಕೆಳಗಡೆ ಬಲ ಮೂಲೆಯ ಸಂಖ್ಯೆ ಒಮ್ಮೆ ನೋಡಿ. ಖಾಲಿ ಪ್ರಾಜೆಕ್ಟ್‌ಗೆ ಅದನ್ನೇ ಮೊದಲು ಹಾಕಿದರೆ 3857 ಆಗಿಬಿಟ್ಟಿರುತ್ತದೆ. ವೆಬ್ ನಕ್ಷೆಗಳು ಬಳಸುವುದು ಅದನ್ನೇ, ನೋಡುವುದಕ್ಕೆ ಪರವಾಗಿಲ್ಲ. ಅದರ ಸಮತಲ ಲೆಕ್ಕದಲ್ಲಿ ಅಳೆದರೆ ಮಾತ್ರ ನಮ್ಮ ಕಡೆಯ ಒಂದು ಎಕರೆ 42 ಗುಂಟೆ ಆಗುತ್ತದೆ.

## ಹಂತ 4: ಗದ್ದೆ ಬದುವಿನ ಮೇಲೆ

ಹೋಗುವ ಮೊದಲು ನೀರುಗಂಟಿಯನ್ನು ಮಾತಾಡಿಸಿ. ಯಾವ ತೂಬು ಮುಚ್ಚಿಹೋಗಿದೆ, ಯಾವ ಹೊಲಗಾಲುವೆಯನ್ನು ಯಾರು ಉತ್ತುಬಿಟ್ಟಿದ್ದಾರೆ ಅನ್ನುವುದೆಲ್ಲ ಅವರ ಬಾಯಲ್ಲಿರುತ್ತದೆ. ಯಾವ ಉಪಗ್ರಹಕ್ಕೂ ಅದು ಕಾಣುವುದಿಲ್ಲ.

ತೂಬಿನ ಹತ್ತಿರ ನಿಂತ ಕೂಡಲೇ ಪಾಯಿಂಟ್ ಒತ್ತಬೇಡಿ. ಆ್ಯಪ್‌ನಲ್ಲಿ ಅಕ್ಯುರೆಸಿ ಅಂತ ಒಂದು ಅಂಕಿ ಓಡುತ್ತಿರುತ್ತದೆ. ಬಯಲಿನಲ್ಲಿ ಸಾಮಾನ್ಯ ಫೋನಿಗೆ 3ರಿಂದ 5 ಮೀಟರ್‌ಗೆ ಇಳಿಯುತ್ತದೆ. ಅಲ್ಲಿವರೆಗೆ ನಿಂತಿರಿ. ತೆಂಗಿನ ತೋಟದೊಳಗೆ, ಆಳೆತ್ತರ ಬೆಳೆದ ಕಬ್ಬಿನ ಮಧ್ಯೆ ಅದು ಜಾಸ್ತಿಯೇ ಇರುತ್ತದೆ. ಅಂಥ ಕಡೆ ಬಯಲಿಗೆ ಬಂದು ಪಾಯಿಂಟ್ ಹಾಕಿ, "ಇಲ್ಲಿಂದ ಪೂರ್ವಕ್ಕೆ 12 ಹೆಜ್ಜೆ" ಅಂತ ಪುಸ್ತಕದಲ್ಲಿ ಬರೆದುಕೊಳ್ಳಿ.

ಕೈಯಲ್ಲಿ ಅಂಕಿ ಬರೆದುಕೊಳ್ಳುವುದಾದರೆ ಚುಕ್ಕಿ ಆದಮೇಲೆ ಐದು ಅಂಕಿ ಬೇಕು. ಐದನೇ ಅಂಕಿ ಅಂದರೆ ಸುಮಾರು 1 ಮೀಟರ್. ಮೂರಕ್ಕೇ ನಿಲ್ಲಿಸಿದರೆ ಒಂದಂಕಿಯ ವ್ಯತ್ಯಾಸವೇ 110 ಮೀಟರ್. ತೂಬು ಪಕ್ಕದೂರಿನ ಗಡಿ ಸೇರಿದರೂ ಸೇರಿತು.

ಗದ್ದೆಯ ಸುತ್ತ ನಡೆದು ವಿಸ್ತೀರ್ಣ ತೆಗೆಯುವ ಆ್ಯಪ್‌ಗಳ ಮೇಲೆ ಜನಕ್ಕೆ ಭಾರೀ ನಂಬಿಕೆ. ನನಗಂತೂ ಇಲ್ಲ. 10 ಗುಂಟೆಯ ಚೌಕದ ಗದ್ದೆ ಅಂದರೆ ಒಂದೊಂದು ಬದಿ ಸುಮಾರು 32 ಮೀಟರ್. ನಾಲ್ಕೂ ಬದು 2 ಮೀಟರ್ ಹೊರಗೆ ಸರಿದು ದಾಖಲಾದರೆ ಸಾಕು, ಎರಡೂವರೆ ಗುಂಟೆಗಿಂತ ಜಾಸ್ತಿ ಬಂದುಬಿಡುತ್ತದೆ. ದೊಡ್ಡ ಹೊಲಕ್ಕೆ ಈ ಏರುಪೇರು ಲೆಕ್ಕಕ್ಕಿಲ್ಲ. ನಮ್ಮ ಕಡೆಯ ತುಂಡು ಗದ್ದೆಗೆ ಅದೇ ಎಲ್ಲ.

## ಹಂತ 5: ಗ್ರಾಮ ನಕ್ಷೆಯನ್ನು ಜಾಗಕ್ಕೆ ಕೂರಿಸುವುದು

ಸರ್ವೆ ನಂಬರ್ ಗಡಿಗಳಿರುವ ಗ್ರಾಮ ನಕ್ಷೆ ಒಂದು ಚಿತ್ರ ಅಷ್ಟೇ, ಅದು ಭೂಮಿಯ ಮೇಲೆ ಎಲ್ಲಿದೆ ಅಂತ ಕಂಪ್ಯೂಟರ್‌ಗೆ ಗೊತ್ತಿಲ್ಲ. ಗೊತ್ತು ಮಾಡಿಸುವ ಸಾಧನ ಜಿಯೊರೆಫರೆನ್ಸರ್. ಲೇಯರ್ ಮೆನುವಿನಲ್ಲಿದೆ, ಹಳೇ ಆವೃತ್ತಿಗಳಲ್ಲಿ ರಾಸ್ಟರ್ ಮೆನುವಿನಲ್ಲಿ ಹುಡುಕಿ.

ಫೋನಿನಲ್ಲಿ ಓರೆಯಾಗಿ ಹೊಡೆದ ಫೋಟೋ ಕೆಲಸಕ್ಕೆ ಬರುವುದಿಲ್ಲ. ಪಿಡಿಎಫ್ ಸಿಕ್ಕರೆ ಒಳ್ಳೆಯದು, ಕಾಗದವಾದರೆ ಜೆರಾಕ್ಸ್ ಅಂಗಡಿಯಲ್ಲಿ ಮಡಿಕೆ ಬಿಡಿಸಿ 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ.

ಈಗ ಚಿತ್ರದಲ್ಲೂ ನೆಲದ ಮೇಲೂ ಒಂದೇ ಜಾಗ ಅನ್ನಬಹುದಾದ ಗುರುತುಗಳು ಬೇಕು. ಮೂರು ಊರಿನ ಗಡಿ ಸೇರುವ ಕಲ್ಲು ಸಿಕ್ಕರೆ ಅದಕ್ಕಿಂತ ಒಳ್ಳೆಯದು ಇಲ್ಲ. ಕೆರೆ ಏರಿಯ ತುದಿ, ಹಳೇ ಕಲ್ಲಿನ ದೇವಸ್ಥಾನ, ಹಳೇ ಬಾವಿ ಆಗಬಹುದು. ರಸ್ತೆ ತಿರುವು ಬೇಡ, ಅಗಲ ಮಾಡುವಾಗ ಸರಿದಿರುತ್ತದೆ. ಹಳ್ಳದ ದಡವೂ ಬೇಡ. ಗುರುತುಗಳು ನಕ್ಷೆಯ ನಾಲ್ಕೂ ಮೂಲೆಗೆ ಹರಡಿರಲಿ, ಮಧ್ಯದಲ್ಲೂ ಒಂದೆರಡಿರಲಿ. ಎಲ್ಲ ಗುರುತನ್ನೂ ಊರೊಳಗೇ ಹಾಕಿ ಕೊನೇ ಭಾಗದ ಗದ್ದೆ ಹೊಂದುತ್ತಿಲ್ಲ ಅಂದರೆ ಎಲ್ಲಿಂದ ಹೊಂದಬೇಕು?

ಚಿತ್ರವನ್ನು ಗುರುತುಗಳಿಗೆ ಹೊಂದಿಸುವ ಪಾಲಿನಾಮಿಯಲ್ 1 ಅನ್ನುವ ವಿಧಾನಕ್ಕೆ ಕನಿಷ್ಠ 3 ಗುರುತು, ಪಾಲಿನಾಮಿಯಲ್ 2ಕ್ಕೆ 6 ಬೇಕು. ಕನಿಷ್ಠಕ್ಕೇ ನಿಲ್ಲಿಸಬೇಡಿ. ಮೂರೇ ಗುರುತು ಹಾಕಿದರೆ ದೋಷ ಸೊನ್ನೆ ಅಂತ ತೋರಿಸುತ್ತದೆ, ತಾಳೆ ನೋಡಲು ನಾಲ್ಕನೆಯದು ಇಲ್ಲವಲ್ಲ. ಎಂಟು ಹತ್ತು ಹಾಕಿ. ಯಾವ ಗುರುತಿನ ದೋಷ ಉಳಿದವಕ್ಕಿಂತ ತುಂಬಾ ಜಾಸ್ತಿ ಇದೆಯೋ ಅದನ್ನು ಮತ್ತೆ ಪರೀಕ್ಷಿಸಿ. ತಿನ್ ಪ್ಲೇಟ್ ಸ್ಪ್ಲೈನ್ ಅನ್ನುವ ಇನ್ನೊಂದು ವಿಧಾನ ಆರಿಸಿದರೆ ಎಲ್ಲ ಗುರುತಿಗೂ ಬಲವಂತವಾಗಿ ಎಳೆದು ಕೂರಿಸುತ್ತದೆ, ತಪ್ಪು ಗುರುತೂ ಸರಿಯಾಗಿ ಕಾಣುತ್ತದೆ. ಕಲಿಯುವಾಗ ಅದರ ಸಹವಾಸ ಬೇಡ.

ಇಷ್ಟೆಲ್ಲ ಮಾಡಿದರೂ ಎಷ್ಟು ನಿಖರ? ಗ್ರಾಮ ನಕ್ಷೆಯ ಮೂಲೆಯಲ್ಲಿ ಅಳತೆ ಬರೆದಿರುತ್ತದೆ. 1:7920 ಇದ್ದರೆ, ಅಂದರೆ ಮೈಲಿಗೆ 8 ಇಂಚು, ಕಾಗದದ ಮೇಲಿನ ಅರ್ಧ ಮಿಲಿಮೀಟರ್ ದಪ್ಪದ ಗೆರೆ ನೆಲದ ಮೇಲೆ ಸುಮಾರು 4 ಮೀಟರ್. ಬದು ಯಾರದು ಅನ್ನುವ ಜಗಳ ಇದರಿಂದ ಬಗೆಹರಿಯುವುದಿಲ್ಲ. ಅದಕ್ಕೆ ಸರ್ವೆಯರ್ ಬಂದು ಹದ್ದುಬಸ್ತು ಮಾಡಬೇಕು. ಫೋನಿನ ದಿಶಾಂಕ್ ಆ್ಯಪ್ ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ತಾಳೆ ನೋಡಲು ಬಳಸಿ, ಬೇಲಿ ಹಾಕಲು ಬಳಸಬೇಡಿ.

## ಹಂತ 6: ಈಗ ಗೆರೆ ಎಳೆಯಿರಿ

ನಾಲೆಯಿಂದ ಶುರು ಮಾಡಿ, ಆಮೇಲೆ ಹೊಲಗಾಲುವೆ, ಕೊನೆಗೆ ಗದ್ದೆ. ನೀರು ಹರಿಯುವ ದಿಕ್ಕಿನಲ್ಲೇ ಗೆರೆ ಎಳೆಯಿರಿ. ಮುಂದೆ ಬಾಣದ ಗುರುತು ಹಾಕುವಾಗ, ಯಾವ ತೂಬಿನ ಕೆಳಗೆ ಏನಿದೆ ಅಂತ ಹುಡುಕುವಾಗ ಇದರ ಬೆಲೆ ಗೊತ್ತಾಗುತ್ತದೆ.

ಮೊದಲ ಕ್ಲಿಕ್‌ಗೆ ಮುಂಚೆ ಸ್ನ್ಯಾಪಿಂಗ್ (ಹತ್ತಿರದ ಗೆರೆಗೆ ತಾನೇ ಅಂಟಿಕೊಳ್ಳುವ ಸೌಲಭ್ಯ) ಆನ್ ಮಾಡಿ. ದೂರ 10ರಿಂದ 15 ಪಿಕ್ಸೆಲ್ ಇದ್ದರೆ ಸಾಕು. ಅದಿಲ್ಲದೇ ಎಳೆದ ಹೊಲಗಾಲುವೆ ನಾಲೆಗೆ ಸೇರಿದ ಹಾಗೆ ಕಾಣುತ್ತದೆ, ಹತ್ತಿರ ಹೋಗಿ ನೋಡಿದರೆ ಒಂದಡಿ ದೂರದಲ್ಲಿ ನಿಂತಿರುತ್ತದೆ. ಕಣ್ಣಿಗೆ ಏನೂ ಅನ್ನಿಸದು, ಕಂಪ್ಯೂಟರ್‌ಗೆ ಮಾತ್ರ ಅಲ್ಲಿ ನೀರು ಹರಿಯುವುದಿಲ್ಲ. ಗದ್ದೆಗಳಿಗೆ "ಅವಾಯ್ಡ್ ಓವರ್‌ಲ್ಯಾಪ್" ಆನ್ ಇರಲಿ. ಆಗ ಪಕ್ಕದ ಗದ್ದೆಯ ಒಳಗೆ ಸ್ವಲ್ಪ ನುಗ್ಗಿ ಎಳೆದರೂ ಹೆಚ್ಚಾದದ್ದನ್ನು ತಾನೇ ಕತ್ತರಿಸಿ ಬದುವಿಗೆ ಕೂರಿಸುತ್ತದೆ.

ಹಿನ್ನೆಲೆಯ ಉಪಗ್ರಹ ಚಿತ್ರವೇ ಕೆಲವು ಮೀಟರ್ ಸರಿದಿರಬಹುದು. ಹಂತ 4ರಲ್ಲಿ ಹಾಕಿದ ತೂಬುಗಳೆಲ್ಲ ಚಿತ್ರದಲ್ಲಿ ಒಂದೇ ದಿಕ್ಕಿಗೆ ಪಕ್ಕಕ್ಕೆ ಕಂಡರೆ ಸರಿದಿರುವುದು ಚಿತ್ರ. ದಿಕ್ಕಿಲ್ಲದೆ ಚೆಲ್ಲಾಪಿಲ್ಲಿ ಇದ್ದರೆ ನಿಮ್ಮ ಜಿಪಿಎಸ್.

ಹತ್ತು ಗದ್ದೆಗೊಮ್ಮೆ ಸೇವ್. ಕರೆಂಟು ಹೇಳಿ ಹೋಗುವುದಿಲ್ಲ.

## ಹಂತ 7: ವಿವರ ತುಂಬುವುದು, ಎಕರೆ ಗುಂಟೆ ತಾಳೆ ನೋಡುವುದು

ಸರ್ವೆ ನಂಬರ್ ಕಾಲಂ ಯಾವಾಗಲೂ ಟೆಕ್ಸ್ಟ್ ಆಗಿರಬೇಕು. ಎಕ್ಸೆಲ್‌ನಲ್ಲಿ 12/3 ಅಂತ ಹಿಸ್ಸಾ ನಂಬರ್ ಟೈಪ್ ಮಾಡಿ ನೋಡಿ, ಸುಮ್ನೆ ತಾರೀಖು ಮಾಡಿಬಿಡುತ್ತದೆ. ಟೈಪ್ ಮಾಡುವ ಮೊದಲೇ ಆ ಕಾಲಂ ಆರಿಸಿ ಟೆಕ್ಸ್ಟ್ ಮಾಡಿಕೊಳ್ಳಿ. ಆಮೇಲೆ ಬದಲಾಯಿಸಿದರೆ ಹಳೇ ನಂಬರ್ ವಾಪಸ್ ಬರುವುದಿಲ್ಲ, 40 ಸಾವಿರ ದಾಟಿದ ಯಾವುದೋ ಅಂಕಿ ಬರುತ್ತದೆ.

ಕನ್ನಡದ ಹೆಸರುಗಳು ಪ್ರಶ್ನಾರ್ಥಕ ಚಿಹ್ನೆ ಆಗುವುದೂ ಇಲ್ಲೇ. ಎಕ್ಸೆಲ್‌ನಿಂದ ಉಳಿಸುವಾಗ ಬರೀ ಸಿಎಸ್‌ವಿ ಅಲ್ಲ, "ಸಿಎಸ್‌ವಿ ಯುಟಿಎಫ್-8" ಆರಿಸಿ. ಪ್ರಶ್ನಾರ್ಥಕ ಚಿಹ್ನೆಯ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು ಕಂಡರೆ ಅದು ಸಾಮಾನ್ಯವಾಗಿ ಹಳೇ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ್ದು. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ.

ಇನ್ನು ವಿಸ್ತೀರ್ಣ. ಪಹಣಿಯಲ್ಲಿ 2.15 ಅಂತ ಇದ್ದರೆ ಅದು 2 ಎಕರೆ 15 ಗುಂಟೆ. ಎಕರೆಗೆ 40 ಗುಂಟೆ. ಹಾಗಾಗಿ ದಶಮಾಂಶದಲ್ಲಿ ಅದು 2.375 ಎಕರೆ. ನೇರವಾಗಿ 2.15 ಅಂತ ತುಂಬಿದರೆ 9 ಗುಂಟೆ ಮಾಯ. ಕೂಡುವಾಗ ಇನ್ನೂ ಎಡವಟ್ಟು. 1 ಎಕರೆ 30 ಗುಂಟೆಗೆ 25 ಗುಂಟೆ ಸೇರಿಸಿದರೆ 2 ಎಕರೆ 15 ಗುಂಟೆ. ಎಕ್ಸೆಲ್ 1.30ಕ್ಕೆ 0.25 ಕೂಡಿ 1.55 ಅನ್ನುತ್ತದೆ. ಎಕರೆಗೆ ಒಂದು ಕಾಲಂ, ಗುಂಟೆಗೆ ಇನ್ನೊಂದು ಕಾಲಂ ಇಡಿ. ಮೂರನೆಯದರಲ್ಲಿ ಗುಂಟೆಯನ್ನು 40ರಿಂದ ಭಾಗಿಸಿ ಎಕರೆಗೆ ಕೂಡಿ.

ನಕ್ಷೆಯ ವಿಸ್ತೀರ್ಣಕ್ಕೆ ಫೀಲ್ಡ್ ಕ್ಯಾಲ್ಕುಲೇಟರ್ ತೆರೆಯಿರಿ. ಜಿಯೊಮೆಟ್ರಿ ಗುಂಪಿನಲ್ಲಿ ಡಾಲರ್ ಗುರುತಿನ ಏರಿಯಾ ಇದೆ. ಅದನ್ನು 4046.86ರಿಂದ ಭಾಗಿಸಿದರೆ ಎಕರೆ, 101.17ರಿಂದ ಭಾಗಿಸಿದರೆ ಗುಂಟೆ. ಕಾಲಂ ದಶಮಾಂಶದ್ದಾಗಿರಲಿ, ಪೂರ್ಣಾಂಕದ್ದಾದರೆ ಮುಕ್ಕಾಲು ಎಕರೆ ಹೋಗಿ ಒಂದು ಎಕರೆ ಆಗುತ್ತದೆ. ಪ್ರಾಜೆಕ್ಟ್ ಪ್ರಾಪರ್ಟೀಸ್‌ನಲ್ಲಿ ಎಲಿಪ್ಸಾಯ್ಡ್ ಡಬ್ಲ್ಯೂಜಿಎಸ್ 84 ಇದೆಯಾ, ವಿಸ್ತೀರ್ಣದ ಅಳತೆ ಚದರ ಮೀಟರ್ ಇದೆಯಾ ಅಂತ ನೋಡಿಕೊಳ್ಳಿ.

ಪಹಣಿಗೂ ನಕ್ಷೆಗೂ ಒಂದೆರಡು ಗುಂಟೆ ವ್ಯತ್ಯಾಸ ಬಂದರೆ ಗಾಬರಿ ಬೇಡ. ಎಲ್ಲ ಗದ್ದೆಯೂ ಶೇಕಡಾ 5ರಷ್ಟು ಜಾಸ್ತಿ ಬಂದಿದ್ದರೆ ಅದು 3857ರ ಕೈವಾಡ. ಅಂಕಿ 0.0000 ಅಂತ ಬಂದರೆ ಡಿಗ್ರಿಯಲ್ಲಿ ಅಳೆದಿದ್ದೀರಿ. ಒಂದೇ ಗದ್ದೆ ತೀರಾ ಹೆಚ್ಚುಕಮ್ಮಿ ಇದ್ದರೆ ಬದು ತಪ್ಪಾಗಿ ಎಳೆದಿರಬಹುದು, ಇಲ್ಲವೇ ಪೋಡಿಯಾಗದ ಜಮೀನಿರಬಹುದು.

## ಹಂತ 8: ಉಪಗ್ರಹ ಚಿತ್ರ, ಬೇಕಾದರೆ

ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ಉಚಿತ. ಬೆಳೆಯ ಹಸಿರು ಅಳೆಯುವ ಎನ್‌ಡಿವಿಐ ಲೆಕ್ಕವನ್ನು ಅದರಿಂದ ಮಾಡಬಹುದು. ಅದರ ಒಂದು ಪಿಕ್ಸೆಲ್ 10 ಮೀಟರ್ ಉದ್ದ, 10 ಮೀಟರ್ ಅಗಲ, ಹೆಚ್ಚೂಕಮ್ಮಿ ಒಂದು ಗುಂಟೆ. ಐದು ಗುಂಟೆಯ ಗದ್ದೆಗೆ ಐದೇ ಪಿಕ್ಸೆಲ್, ಅದರಲ್ಲೂ ಅಂಚಿನವು ಪಕ್ಕದ ಕಬ್ಬನ್ನೂ ಸೇರಿಸಿಕೊಂಡಿರುತ್ತವೆ. ಒಂದೊಂದು ಗದ್ದೆ ಬಿಟ್ಟು ಒಂದೊಂದು ತೂಬಿನ ಕೆಳಗಿನ ಇಡೀ ಪ್ರದೇಶಕ್ಕೆ ಸರಾಸರಿ ತೆಗೆಯಿರಿ. ಮಳೆಗಾಲದ ಚಿತ್ರದಲ್ಲಿ ಬರೀ ಮೋಡ. ಡಿಸೆಂಬರ್‌ನಿಂದ ಮಾರ್ಚ್ ಒಳಗಿನದನ್ನು ಹುಡುಕಿ.

## ಹಂತ 9: ಪ್ರಿಂಟ್ ಮತ್ತು ಹಂಚಿಕೆ

ಪ್ರಿಂಟ್ ಲೇಔಟ್‌ನಲ್ಲಿ ಎ3 ಹಾಳೆ, 1:5000 ಅಳತೆ ಇಡಿ. 1 ಸೆಂಟಿಮೀಟರ್ ಅಂದರೆ 50 ಮೀಟರ್. ಹಾಳೆಗೆ ಸುಮಾರು 2 ಕಿಲೋಮೀಟರ್ ಉದ್ದ, ಒಂದೂವರೆ ಕಿಲೋಮೀಟರ್ ಅಗಲದ ಜಾಗ ಹಿಡಿಯುತ್ತದೆ. ಉತ್ತರ ದಿಕ್ಕು, ಅಳತೆ ಪಟ್ಟಿ, ಗುರುತುಗಳ ಅರ್ಥ, ಸಮೀಕ್ಷೆ ಮಾಡಿದ ತಾರೀಖು ನಾಲ್ಕೂ ಇರಲಿ. "ಇದು ಗಡಿ ದಾಖಲೆಯಲ್ಲ" ಅಂತ ದಪ್ಪಕ್ಷರದಲ್ಲಿ ಹಾಕಿ. ಹಾಕದಿದ್ದರೆ ಯಾರಾದರೂ ಇದನ್ನೇ ಹಿಡಿದುಕೊಂಡು ಪಂಚಾಯ್ತಿ ಕಟ್ಟೆಗೆ ಬರುತ್ತಾರೆ. ಮಾಲೀಕರ ಹೆಸರು, ಫೋನ್ ನಂಬರ್ ಹಂಚುವ ಪ್ರತಿಯಲ್ಲಿ ಬೇಡ.

ಮೊದಲ ಪ್ರತಿಯನ್ನು ನೀರುಗಂಟಿಗೂ ಕೊನೇ ಭಾಗದ ಒಂದಿಬ್ಬರು ರೈತರಿಗೂ ತೋರಿಸಿ, ಕೆಂಪು ಪೆನ್ನು ಅವರ ಕೈಗೇ ಕೊಡಿ. ಅವರು ತಿದ್ದಿದ್ದನ್ನು ಅವತ್ತೇ ಕಂಪ್ಯೂಟರ್‌ಗೆ ಹಾಕಿ.

ಫೈಲ್ ಕಳಿಸುವಾಗ ಪ್ರಾಜೆಕ್ಟ್ ಫೈಲ್ ಒಂದನ್ನೇ ಕಳಿಸಬೇಡಿ, ಹಂತ 2ರ ಇಡೀ ಫೋಲ್ಡರ್ ಜಿಪ್ ಮಾಡಿ. ಎಲ್ಲಾದರೂ ಸಿಕ್ಕಿಹಾಕಿಕೊಂಡು ಸಹಾಯ ಕೇಳುವುದಾದರೆ ಪರದೆಯ ಫೋಟೋ ಜೊತೆ ಮೂರು ವಿಷಯ ಬರೆಯಿರಿ: ಕ್ಯೂಜಿಐಎಸ್ ಆವೃತ್ತಿ, ಲೇಯರ್‌ನ ಸಿಆರ್‌ಎಸ್ ಸಂಖ್ಯೆ, ಯಾವುದಾದರೂ ಒಂದು ಪಾಯಿಂಟ್‌ನ ಎಕ್ಸ್ ಮತ್ತು ವೈ ಅಂಕಿ.